ಗಂಟಲು ಹಿಡಿದ ಕೈ

ತೊರಾಕಿಯ ಕತೆ ತೋಸಾ ಕರಾವಳಿಯ ಉರಾಜಿರಿ ಬಂದರಿನ ಕುಡಿತ ಬಿಟ್ಟವರ ಸಂಘದಲ್ಲಿ ಎಲ್ಲರಿಗೂ ಬಾಯಿಪಾಠ. ಇಪ್ಪತ್ತೈದು ವರ್ಷದಿಂದ ಪ್ರತಿ ಶನಿವಾರ ಸಂಜೆ, ಮೀನುಗಾರರ ಸಹಕಾರಿ ಕಟ್ಟಡದ ಮಹಡಿಯ ಮೇಲೆ, ಚಾಪೆ ಹಾಸಿದ ಅದೇ ಕೋಣೆಯಲ್ಲಿ ಎದ್ದು ನಿಂತು ಅವನು ಅದನ್ನೇ ಹೇಳುತ್ತಾನೆ. ಎಲ್ಲಿ ಕೆಮ್ಮುತ್ತಾನೆ, ಎಲ್ಲಿ ಮೂಗು ಒರೆಸಿಕೊಳ್ಳುತ್ತಾನೆ ಎಂಬುದೂ ಜನಕ್ಕೆ ಗೊತ್ತು. ಬೇರೆ ಕಡೆಯಾದರೆ ಎದ್ದು ಹೋಗುತ್ತಿದ್ದರು. ಆದರೆ ಆ ಸಂಘದ ನಿಯಮವೇ ಹಾಗೆ: ತನ್ನ ಕತೆಯನ್ನು ತಾನೇ ಹೇಳಬೇಕು, ಉಳಿದವರು ಕೇಳಬೇಕು. ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ, ಚಪ್ಪಾಳೆಯೂ ಇಲ್ಲ. ಹೆಂಡತಿಯೂ ಜೊತೆಗೆ ಬಂದು ಕೂರಬೇಕು. ಸರದಿ ಬಂದಾಗ ಅವಳೂ ಹೇಳಬೇಕು. ಕುಡಿದವನು ಒಬ್ಬನಾದರೂ ಅಮಲು ಇಡೀ ಮನೆಗೆ ಏರಿರುತ್ತದೆ, ಇಳಿಯುವುದಾದರೆ ಎಲ್ಲರಿಗೂ ಒಟ್ಟಿಗೇ ಇಳಿಯಬೇಕು ಎಂಬುದು ಅಲ್ಲಿನವರ ನಂಬಿಕೆ.

"ನಾನು ಕುಸುನೊಸೆ ತೊರಾಕಿ. ಮದ್ಯವ್ಯಸನಿ," ಎಂದು ಅವನು ಶುರುಮಾಡುತ್ತಾನೆ. "ನಮ್ಮಮ್ಮ ಸಾಯೋ ಹೊತ್ತಿಗೆ ನಾನು ಇನ್ನೂರು ಹೆಜ್ಜೆ ದೂರದಲ್ಲಿ, ಬಲೆ ಇಡೋ ಶೆಡ್ಡಿನಲ್ಲಿ ಕುಡಿದು ಬಿದ್ದಿದ್ದೆ. ವರ್ಷ ತುಂಬಿದ ದಿನ ಅವಳ ಫೋಟೊ ಎದುರಿಗೇ ಮತ್ತೆ ಬಟ್ಟಲು ಎತ್ತಿದೆ. ಒಂದೇ ಗುಟುಕು. ಯಾರೋ ಗಂಟಲು ಹಿಡಕೊಂಡ್ರು. ಅಮ್ಮನ ಕೈ ಅದು, ನಂಗೆ ಗೊತ್ತಿಲ್ವಾ? ಸಣ್ಣೋನಿದ್ದಾಗ ಮೀನಿನ ಮುಳ್ಳು ಸಿಕ್ಕಿಕೊಂಡ್ರೆ ಹಿಡೀತಿದ್ದ ಕೈ. ಸತ್ತ ಮೇಲೂ ಬಂದು ಹಿಡಿದ್ಲು ಅಂದ್ರೆ, ಕ್ಷಮಿಸಿದಾಳೆ ಅಂತಾನೇ ಅರ್ಥ. ಅವತ್ತಿಂದ ಮುಟ್ಟಿಲ್ಲ."

ಅವನ ಪಕ್ಕದಲ್ಲಿ ಕೂತ ಹೆಂಡತಿ ಇಸೊಯೆಗೂ ಒಂದು ಕತೆಯಿತ್ತು. ಒಡೆದ ತಟ್ಟೆಗಳದು, ಗಂಡನನ್ನು ಮೀನಿನ ತಳ್ಳುಗಾಡಿಯಲ್ಲಿ ಹಾಕಿಕೊಂಡು ಮನೆಗೆ ತಂದದ್ದು. ಕೇಳಿದವರು ನಗುವ ಹಾಗೆ ಹೇಳುತ್ತಿದ್ದಳು. ಹೇಳಿದ್ದೆಲ್ಲ ನಿಜವೇ. ಆದರೆ ಹೇಳದೆ ಉಳಿಸಿಕೊಂಡ ಒಂದು ಸಂಗತಿ ಇಪ್ಪತ್ತೈದು ವರ್ಷದಿಂದ ಬಾಯಲ್ಲಿ ಬಿಸಿತುಪ್ಪವಾಗಿ ಕೂತಿತ್ತು. ನುಂಗಲೂ ಆಗದು, ಉಗುಳಲೂ ಆಗದು.

ಅದನ್ನು ಹೇಳುವ ಮೊದಲು ಇನ್ನೊಂದು ಮಾತು ಹೇಳಬೇಕು. ಇದೂ ಸಂಘದಲ್ಲಿ ಯಾರೂ ಬಾಯಿಬಿಡದ ಮಾತೇ. ಇಸೊಯೆಗೆ ಗಂಡ ಕುಡಿಯುತ್ತಿದ್ದ ಆ ಮೊದಲಿನ ದಿನಗಳ ಮೇಲೆ ಇನ್ನೂ ಆಸೆ ಹೋಗಿರಲಿಲ್ಲ. ಅರವತ್ತಾರರ ಹೆಂಗಸು, ಮೊಣಕಾಲು ನೋವು, ಆದರೂ ಹುಲ್ಲಿನ ಹೊಗೆಯ ವಾಸನೆ ಬಂದರೆ ಸಾಕು, ಮನಸ್ಸು ನಲವತ್ತನಾಲ್ಕು ವರ್ಷ ಹಿಂದಕ್ಕೆ ಓಡುತ್ತಿತ್ತು.

ಪಕ್ಕದ ಬಂದರಿನಿಂದ ಸೊಸೆಯಾಗಿ ಬಂದಾಗ ಅವಳಿಗೆ ಇಪ್ಪತ್ತೆರಡು. ಮದುವೆಯ ಔತಣದಲ್ಲಿ, ಉದ್ದ ಮೂಗಿನ ಭೂತದ ಮುಖದ ಬಟ್ಟಲುಗಳನ್ನು ತಂದಿದ್ದರು. ಮೂಗೇ ತಳ, ಕೆಳಗಿಟ್ಟರೆ ಉರುಳುತ್ತದೆ. ತುಂಬಿಸಿ ಕೈಗೆ ಕೊಟ್ಟರೆಂದರೆ ಖಾಲಿ ಮಾಡದೆ ವಿಧಿಯಿಲ್ಲ. ತೋಸಾ ಕರಾವಳಿಯ ಜನಕ್ಕೆ ಇಂಥವನ್ನೆಲ್ಲ ಕಂಡುಹಿಡಿಯುವುದಕ್ಕೆ ತಲೆ ಚೆನ್ನಾಗಿ ಓಡುತ್ತದೆ. ತೊರಾಕಿ ಸಾಕೆ ಎಂಬ ಅಕ್ಕಿಯ ಮದ್ಯವನ್ನು ಒಂಬತ್ತು ಬಟ್ಟಲು ಇಳಿಸಿ, ಹತ್ತನೆಯದನ್ನು ಹಿಡಿದುಕೊಂಡೇ ಹಾಡಿದ. ಅವನ ದನಿಗೆ ದೋಣಿಯವರೆಲ್ಲ ತಟ್ಟೆ ಬಡಿದರು. ಅತ್ತೆ ಮಿನೆ ಉಡುಪಿನ ಅಗಲ ತೋಳಿನಲ್ಲೇ ಬಾಯಿ ಮುಚ್ಚಿಕೊಂಡು ನಕ್ಕು, ಹೊಸ ಸೊಸೆಯ ಕಿವಿಯಲ್ಲಿ, "ಇವನು ಕುಡೀದಿದ್ರೆ ಕಂಬ ಕಣೇ. ಕುಡಿದಾಗಲೇ ಒಂಚೂರು ಮನುಷ್ಯ. ನೀನು ಮಾತಾಡಿಸಬೇಕಂದ್ರೆ ಸಂಜೆ ತನಕ ಕಾಯಿ," ಎಂದಿದ್ದಳು.

ಅದು ನಿಜವಾಗಿತ್ತು. ಹಗಲೆಲ್ಲ "ಏಯ್" ಎನ್ನುವ ಗಂಡ ಎರಡನೇ ಬಟ್ಟಲಿಗೆ "ಇಸೊಯೆ" ಎನ್ನುತ್ತಿದ್ದ. ಕತ್ಸುವೊ ಮೀನಿನ ಕಾಲದಲ್ಲಿ ದೋಣಿ ಬಂದ ದಿನ, ಅಂಗಳದಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿ, ಉರಿಯಲ್ಲಿ ಮೀನಿನ ಹೊರಮೈಯನ್ನಷ್ಟೇ ಸುಟ್ಟು, ದಪ್ಪಗೆ ಕೊಯ್ದು, ಬೆಳ್ಳುಳ್ಳಿ ಹಾಕಿ ಅವಳ ಬಾಯಿಗೇ ಮೊದಲ ತುಂಡು ಇಡುತ್ತಿದ್ದ. ಅತ್ತೆ ಇದ್ದಾರೆ ಎಂದು ಅವಳು ನಾಚಿದರೆ, "ಅವಳೂ ಬಾಯಿ ತೆಗೀಲಿ, ಇಡ್ತೀನಿ," ಎನ್ನುತ್ತಿದ್ದ. ಮೂವರೂ ನಗುತ್ತಿದ್ದರು. ಆ ನಗು ಸುಳ್ಳಾಗಿರಲಿಲ್ಲ. ಮುಂದೆ ಏನೇ ಆಗಿರಲಿ, ಆಗ ಅವಳು ಸುಖವಾಗಿದ್ದಳು.

ಕುಡಿತ ಮೊದಲು ನೆಂಟನಾಗಿ ಬಂತು, ಆಮೇಲೆ ಮನೆಯ ಯಜಮಾನನಾಯಿತು. ಸಂಜೆಯ ಬಟ್ಟಲು ಮಧ್ಯಾಹ್ನಕ್ಕೆ ಬಂತು, ಮಧ್ಯಾಹ್ನದ್ದು ಬೆಳಿಗ್ಗೆಗೆ. ಹಾಡು ನಿಂತು ಬೈಗುಳ ಬಂತು, ಬೈಗುಳ ನಿಂತು ಕೈ ಬಂತು. ದೋಣಿಯವರು ಕರೆಯುವುದನ್ನು ಬಿಟ್ಟರು. ಬೆಳಿಗ್ಗೆ ಕೈ ನಡುಗಿ ಅನ್ನದ ಬಟ್ಟಲು ಹಿಡಿಯಲಾಗದೆ, ಅದು ನಿಲ್ಲಲೆಂದೇ ಮತ್ತೆ ಕುಡಿಯುವ ಸ್ಥಿತಿಗೆ ಬಂದ. ಊರಿನವರು ಮನಸ್ಸು ಗಟ್ಟಿಯಿಲ್ಲ ಎಂದರು. ಗಟ್ಟಿ ಮನಸ್ಸು ಮಾಡಿ ಅವನು ಬಿಟ್ಟದ್ದು ಎಷ್ಟು ಸಲ ಎಂಬುದು ಇಸೊಯೆಗೆ ಗೊತ್ತಿತ್ತು. ಅದು ಮನಸ್ಸಿಗೆ ಮೀರಿದ ಕಾಯಿಲೆ ಎಂದು ಹೇಳಿಕೊಡುವವರು ಆಗ ಯಾರೂ ಇರಲಿಲ್ಲ.

ಮಿನೆ ಸತ್ತ ದಿನದ ಮಾತು ತೊರಾಕಿಯೇ ಹೇಳುತ್ತಾನಲ್ಲ, ಬೇಡ. ಅದಾದ ಮೇಲೆ ಪಟ್ಟಣದ ಆಸ್ಪತ್ರೆಯಲ್ಲಿ ಮೂರು ತಿಂಗಳು ಇದ್ದು ಬಂದ. ಬರುವಾಗ ಎರಡು ಸಣ್ಣ ಬಾಟಲಿ ಔಷಧಿ ಕೊಟ್ಟಿದ್ದರು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ದಿನವೂ ಬೆಳಿಗ್ಗೆ ಹೆಂಡತಿಯ ಎದುರಿಗೆ ಕುಡಿಯಬೇಕು. ಔಷಧಿ ಕುಡಿದ ದಿನ ಮದ್ಯ ಮುಟ್ಟಿದರೆ ಮೈಯೆಲ್ಲ ಉರಿದು, ಉಸಿರು ಕಟ್ಟಿ, ಯಾಕಾದರೂ ಮುಟ್ಟಿದೆನೋ ಎನ್ನಿಸುತ್ತದೆ. ತೊರಾಕಿ ಒಂದು ವಾರ ಅದನ್ನು ಕುಡಿದು, "ಗಂಡಸಿನ ಗಂಟಲಿಗೆ ಬೀಗ ಹಾಕೋಕೆ ಬಂದ್ರಾ?" ಎಂದು ಬಾಟಲಿಯನ್ನು ಸಿಂಕಿಗೆ ಬಗ್ಗಿಸಿದ. ಇನ್ನೊಂದು ಬಾಟಲಿಯನ್ನು ಇಸೊಯೆ ಫ್ರಿಜ್ಜಿನಲ್ಲಿ ಉಪ್ಪಿನಕಾಯಿ ಡಬ್ಬಿಯ ಹಿಂದೆ ಬಚ್ಚಿಟ್ಟಳು.

ಯಾಕೆ ಬಚ್ಚಿಟ್ಟಳೆಂದರೆ, ಆ ಕಾಲದಲ್ಲಿ ಕುಡುಕರ ಹೆಂಡಿರ ನಡುವೆ ಒಂದು ಬುದ್ಧಿ ಗುಟ್ಟಾಗಿ ಓಡಾಡುತ್ತಿತ್ತು. ಗಂಡನಿಗೆ ಹೇಳಬೇಡ, ಬೆಳಗಿನ ಮಿಸೊ ಸಾರಿಗೆ ಹಾಕು. ಸಾರು ಕುಡಿಯದ ಗಂಡಸು ಈ ದೇಶದಲ್ಲಿ ಇನ್ನೂ ಹುಟ್ಟಿಲ್ಲ.

ನಾಲ್ಕು ತಿಂಗಳು ಅವಳಿಗೆ ಧೈರ್ಯ ಬರಲಿಲ್ಲ. ಅತ್ತೆಯ ವರ್ಷದ ಕಾರ್ಯದ ದಿನ ಬಂತು. ಪುರೋಹಿತರು, ನೆಂಟರಿಷ್ಟರು, ಮಧ್ಯಾಹ್ನ ಊಟದ ಜೊತೆ ಸಾಕೆ. ಇವತ್ತೊಂದು ದಿನ ಮಾನ ಉಳಿದರೆ ಸಾಕು ಎಂದುಕೊಂಡು ಬೆಳಿಗ್ಗೆ ಸಾರಿಗೆ ಒಂದು ಅಳತೆ ಹಾಕಿದಳು. ಸಾಲದೇನೋ ಎನ್ನಿಸಿ ಇನ್ನೊಂದು ಹಾಕಿದಳು. ತೊರಾಕಿ ಸೊರ್ರೆಂದು ಕುಡಿದು ಚೆನ್ನಾಗಿದೆ ಎಂದ.

ಮಧ್ಯಾಹ್ನ ಅವನು ಒಂದು ಗುಟುಕು ಕುಡಿದ. ಮುಖ ಬೇಯಿಸಿದ ಏಡಿಯಂತೆ ಕೆಂಪಾಗಿ, ಮರುಕ್ಷಣ ಬಿಳಿಚಿಕೊಂಡಿತು. ಎರಡೂ ಕೈಯಲ್ಲಿ ಗಂಟಲು ಹಿಡಿದುಕೊಂಡು ತಾಯಿಯ ಫೋಟೊದ ಕೆಳಗೆ ಬಿದ್ದ. ತುಟಿ ನೀಲಿಯಾಯಿತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಡಾಕ್ಟರು, "ಔಷಧಿ ತಗೊಂಡಿದ್ರಾ?" ಎಂದು ಕೇಳಿದಾಗ ಇಸೊಯೆ ಹೌದೆಂದು ತಲೆಯಾಡಿಸಿದಳು. "ಇನ್ನೊಂದು ಬಟ್ಟಲು ಹೋಗಿದ್ರೆ ಹೆಣ ತಗೊಂಡು ಹೋಗಬೇಕಾಗಿತ್ತು," ಎಂದರು ಅವರು.

ಎರಡನೇ ದಿನ ತೊರಾಕಿ ಕಣ್ಣು ಬಿಟ್ಟ. "ಅಮ್ಮ ಬಂದಿದ್ಲು ಕಣೇ," ಎಂದ. "ಔಷಧಿ ಅಂತಾರೆ ಇವರು. ಔಷಧಿ ನಾನು ಚೆಲ್ಲಿ ಎಷ್ಟು ತಿಂಗಳಾಯ್ತು, ನೀನೇ ನೋಡಿದೀಯಲ್ಲ. ಅಮ್ಮನೇ ಅದು." ವರ್ಷದಿಂದ ಕಲ್ಲಾಗಿದ್ದ ಮುಖದ ಮೇಲೆ ನೀರು ಇಳಿಯುತ್ತಿತ್ತು. ಇಸೊಯೆ ಬಾಯಿ ತೆರೆದಳು. ಆ ಮುಖ ನೋಡಿ ಮುಚ್ಚಿದಳು. ಮನೆಗೆ ಹೋಗಿ ಬಾಟಲಿಯನ್ನು ಚೆಲ್ಲಿದವಳು ಮತ್ತೆಂದೂ ಅಂಥದ್ದನ್ನು ಮುಟ್ಟಲಿಲ್ಲ. ಹೇಳಬೇಕೆಂದು ಎಷ್ಟೋ ಬೆಳಿಗ್ಗೆ ಅಂದುಕೊಂಡದ್ದುಂಟು. ಅಷ್ಟರಲ್ಲಿ ಅವನು ಎದ್ದು, ತಾಯಿಯ ಫೋಟೊ ಇಟ್ಟ ಪೀಠಕ್ಕೆ ದೀಪ ಹಚ್ಚಿ, ಬಿಸಿ ಅನ್ನ ಇಟ್ಟು ಕೈಮುಗಿದು ಕೂತಿರುತ್ತಿದ್ದ. ಹೇಳಿದರೆ ಆ ದೀಪ ಆರುತ್ತದೆ. ದೀಪ ಆರಿದರೆ ಮತ್ತೆ ಬಾಟಲಿ. ಇದು ಅವಳ ಭಯ. ಹೀಗೆ ಇಪ್ಪತ್ತೈದು ವರ್ಷ ಆಯಿತು.

ಆ ಇಪ್ಪತ್ತೈದು ವರ್ಷಕ್ಕೇ ಸಂಘದವರು ಈ ಶನಿವಾರ ಗಂಡನಿಗೆ ಗೌರವಪತ್ರ ಕೊಡುವವರಿದ್ದರು. ಸಭೆಗೆ ಮೊದಲು ಇಸೊಯೆ ಮಹಡಿಯ ಅಡುಗೆಮನೆಯಲ್ಲಿ ಚಹಾದ ಲೋಟ ತೊಳೆಯುತ್ತಿದ್ದಳು. ಒರೆಸಿಡಲು ಚಿನಾತ್ಸು ಬಂದಳು. ಮೂವತ್ತೆರಡರ ಹುಡುಗಿ, ಒಣಮೀನು ಕಾರ್ಖಾನೆಯಲ್ಲಿ ಕೆಲಸ. ಗಂಡ ಸಂಘಕ್ಕೆ ಬರುವುದಿಲ್ಲ. ನಾಲ್ಕು ತಿಂಗಳಿಂದ ಅವಳೊಬ್ಬಳೇ ಬಂದು ಕೂತು ಹೋಗುತ್ತಿದ್ದಳು.

"ಇಸೊಯೆ-ಸಾನ್, ಒಂದು ಕೇಳ್ಲಾ? ಯಾರಿಗೂ ಹೇಳಬಾರದು."

"ಕೇಳು. ನಂಗೆ ಹೇಳೋಕೆ ಯಾರಿದಾರೆ, ಒಂದು ಕಂಬ ಇದೆ ಮನೇಲಿ."

ಚಿನಾತ್ಸು ನಕ್ಕು, ಚೀಲದಿಂದ ಕರವಸ್ತ್ರದಲ್ಲಿ ಸುತ್ತಿದ ಸಣ್ಣ ಬಾಟಲಿ ತೆಗೆದಳು. ಇಸೊಯೆಗೆ ನೋಡಿದ ಕೂಡಲೇ ಗೊತ್ತಾಯಿತು. ಬಾಟಲಿಯ ಆಕಾರ ಕೂಡ ಬದಲಾಗಿರಲಿಲ್ಲ.

"ಡಾಕ್ಟರು ಕೊಟ್ರು. ಇವರು ಮುಟ್ಟಲ್ಲ. ಸಾರಿನಲ್ಲಿ ಹಾಕಿದ್ರೆ ಗೊತ್ತೇ ಆಗಲ್ವಂತೆ, ನಮ್ಮತ್ತೆ ಹೇಳ್ತಾರೆ. ನಾಳೆ ಭಾನುವಾರ, ಮನೇಲೇ ಇರ್ತಾರೆ. ನಾಳೆಯಿಂದಲೇ ಶುರುಮಾಡ್ಲಾ ಅಂತ."

"ಬೇಡ," ಎಂದಳು ಇಸೊಯೆ. ಲೋಟ ಕೈಯಿಂದ ಜಾರಿ ನೀರಿಗೆ ಬಿತ್ತು.

"ನೀವು ಹೇಳ್ತೀರ ಬೇಡ ಅಂತ. ನಿಮ್ಮವರಿಗೇನು, ಸತ್ತಿದ್ದ ಅಮ್ಮ ಎದ್ದು ಬಂದು ಬಿಡಿಸಿದ್ರು. ನಮ್ಮತ್ತೆ ಬದುಕಿದಾರೆ. ಕತ್ತು ಹಿಸುಕೋದಾದ್ರೆ ಮಗಂದು ಹಿಸುಕಲ್ಲ, ನಂದೇ ಹಿಸುಕ್ತಾರೆ!"

"ನಿನ್ನ ಗಂಡಂಗೆ ಎದೆ ನೋವು ಬರುತ್ತೆ ಅಂದಿದ್ದೆ ಅಲ್ವಾ?"

"ಒಂದೊಂದ್ಸಲ ಬರುತ್ತೆ. ಅದಕ್ಕೇನು?"

"ಹಾಕಬೇಡ ಅಂದ್ನಲ್ಲ!"

"ಅದೇ ಯಾಕೆ ಅಂತ. ನಿಮಗೆ ಹೇಗೆ ಗೊತ್ತು?"

ಯಾಕೆ ಎಂಬುದನ್ನು ಅಡುಗೆಮನೆಯಲ್ಲಿ ಹೇಳಬಹುದಿತ್ತು. ಆದರೆ ಉರಾಜಿರಿಯ ಅಡುಗೆಮನೆಯಲ್ಲಿ ಹೇಳಿದ ಮಾತು ಬೆಳಗಾಗುವುದರೊಳಗೆ ಬಂದರು ಸುತ್ತಿ ಬರುತ್ತದೆ, ತೊರಾಕಿಗೆ ಬೇರೆಯವರ ಬಾಯಿಂದ ತಲುಪುತ್ತದೆ. ಹೇಳದಿದ್ದರೆ ಈ ಹುಡುಗಿ ನಾಳೆ ಬೆಳಿಗ್ಗೆ ಸಾರು ಕುದಿಸುತ್ತಾಳೆ. ಗಂಡನ ದೀಪ ಒಂದು ಕಡೆ, ಮುಖ ನೋಡದ ಯಾವನೋ ಒಬ್ಬನ ಜೀವ ಇನ್ನೊಂದು ಕಡೆ. ಇಸೊಯೆ ಕೈ ಒರೆಸಿಕೊಂಡಳು. "ಒಳಗೆ ಬಾ. ಇವತ್ತು ನನ್ನ ಮಾತು ಮುಗಿಯೋ ತನಕ ಎದ್ದು ಹೋಗಬೇಡ," ಎಂದಳು.

ಸಂಘದ ಅಧ್ಯಕ್ಷ ಮಿಜೊಬುಚಿ ಹಿಂದೆ ಕ್ಷೌರಿಕನಾಗಿದ್ದವನು. ಕೈ ನಡುಗಿ ಒಬ್ಬರ ಕಿವಿ ಕೊಯ್ದ ಮೇಲೆ ಕುಡಿತ ಬಿಟ್ಟವನು. ಅವನು ಗೌರವಪತ್ರ ಓದಿ, ಎರಡೂ ಕೈಯಲ್ಲಿ ತೊರಾಕಿಗೆ ಕೊಟ್ಟ. ತೊರಾಕಿ ಬಗ್ಗಿ ತೆಗೆದುಕೊಂಡ. ಪದ್ಧತಿಯಂತೆ ಮೊದಲು ಹೆಂಡತಿ ಮಾತಾಡಬೇಕು. ತಟ್ಟೆ ಒಡೆದ ಕತೆಗೆ ಜನ ಆಗಲೇ ನಗುಮುಖ ಮಾಡಿಕೊಂಡು ಕೂತಿದ್ದರು.

"ನಾನು ಇಸೊಯೆ, ತೊರಾಕಿಯ ಹೆಂಡತಿ," ಎಂದಳು. "ಇವರ ಗಂಟಲು ಹಿಡಿದಿದ್ದು ನಮ್ಮತ್ತೆ ಅಲ್ಲ. ನಾನು. ಅವತ್ತು ಬೆಳಿಗ್ಗೆ ಸಾರಿನಲ್ಲಿ ಆ ಔಷಧಿ ಹಾಕಿದ್ದೆ. ಇವರಿಗೆ ಗೊತ್ತಿಲ್ಲದ ಹಾಗೆ. ಒಂದು ಅಳತೆ ಅಂತ ಹೇಳಿದ್ರು, ಎರಡು ಹಾಕಿದೆ. ಇವರು ಸಾಯ್ತಿದ್ರು. ನಾನು ಕೊಲ್ತಿದ್ದೆ. ಅದಾದ ಮೇಲೆ ಒಂದು ಹನಿನೂ ಹಾಕಿಲ್ಲ, ಆದ್ರೆ ಹೇಳಲೂ ಇಲ್ಲ. ಇಲ್ಲಿ ಯಾರಾದ್ರೂ ಹಾಗೆ ಮಾಡಬೇಕು ಅಂತಿದ್ರೆ, ಮಾಡಬೇಡಿ. ಕೊಡೋದಾದ್ರೆ ಎದುರಿಗೆ ಇಟ್ಟು ಕೊಡಿ. ಬೇಡ ಅಂದ್ರೆ ಬೇಡ ಅನ್ನಲಿ. ಅಷ್ಟೇ ನನ್ನ ಮಾತು."

ತೊರಾಕಿಯ ಸರದಿ. ಎದ್ದ. "ನಾನು ಕುಸುನೊಸೆ ತೊರಾಕಿ. ಮದ್ಯವ್ಯಸನಿ," ಎಂದ. ಎಪ್ಪತ್ತರ ಮುದುಕ ಕೈಯಲ್ಲಿದ್ದ ಗೌರವಪತ್ರವನ್ನು ಸುರುಳಿ ಸುತ್ತಿದ. ಹಾಗೇ ಕೂತುಬಿಟ್ಟ. ಮನೆಗೆ ಹೋಗುವಾಗ ಸಮುದ್ರದ ಗೋಡೆಯ ಪಕ್ಕ ಅವನು ಮುಂದೆ, ಅವಳು ಹತ್ತು ಹೆಜ್ಜೆ ಹಿಂದೆ.

ಭಾನುವಾರ ಅವನು ದೀಪ ಹಚ್ಚಲಿಲ್ಲ. ಇಸೊಯೆ ಬಡಿಸಿದ್ದನ್ನು ಮುಟ್ಟಲಿಲ್ಲ. ತಾನೇ ಮೊಟ್ಟೆ ಬೇಯಿಸಿಕೊಂಡು ಸುಲಿದು ತಿಂದ, ಮೇಲೆ ಎರಡು ಕಿತ್ತಳೆ. ಮಧ್ಯಾಹ್ನವೂ ಮೊಟ್ಟೆ, ರಾತ್ರಿಯೂ ಕಿತ್ತಳೆ. ಸಿಪ್ಪೆಯೊಳಗಿನದ್ದಕ್ಕೆ ಯಾರೂ ಏನೂ ಬೆರೆಸಲಾರರು ಎಂಬ ಅವನ ಲೆಕ್ಕ ಅವಳಿಗೆ ಅರ್ಥವಾಗಲು ಒಂದು ದಿನ ಹಿಡಿಯಿತು. ಅರ್ಥವಾದಾಗ ಅಡುಗೆಮನೆಗೆ ಹೋಗಿ ಅತ್ತಳು. ಅಳುತ್ತಲೇ, ಈ ಮುದುಕ ಹೀಗೇ ಮುಂದುವರಿದರೆ ಹೊಟ್ಟೆ ಕಟ್ಟಿ ಸಾಯುತ್ತಾನೆ ಎಂದು ನಗುವೂ ಬಂತು.

ಸೋಮವಾರ ಅವನು ಮೊದಲ ಸಲ ಬಾಯಿ ಬಿಟ್ಟ. ಪೀಠದ ಕಡೆ ಮುಖ ಮಾಡಿಕೊಂಡೇ ಕೇಳಿದ: "ಅಮ್ಮ ಸಾಯೋವಾಗ ಏನಂದ್ಲು? ಕೋಪ ಇರಲಿಲ್ಲ, ನೆಮ್ಮದಿಯಾಗಿ ಹೋದ್ಲು ಅಂದಿದ್ದೆ ನೀನು. ಅದೂ ಸಾರಿನ ಹಾಗೇನಾ?"

ಇಸೊಯೆಗೆ ಇನ್ನೊಂದು ಸುಳ್ಳು ಹೇಳುವ ಶಕ್ತಿಯೇ ಉಳಿದಿರಲಿಲ್ಲ. "ಬಂದ್ನಾ, ಅಂದ್ರು. ಮೂರು ಸಲ. ಬರ್ತಿದಾರೆ ಅಂದೆ ನಾನು. ಆಮೇಲೆ ಏನೂ ಅನ್ನಲಿಲ್ಲ."

"ಕ್ಷಮಿಸಿದೀನಿ ಅಂತ?"

"ಅನ್ನಲಿಲ್ಲ ರೀ."

ತೊರಾಕಿ ತಲೆ ಆಡಿಸಿದ. ಅವನ ತಾಯಿ ಎರಡನೇ ಸಲ ಸತ್ತದ್ದು ಆ ದಿನ ಎಂದು ಇಸೊಯೆಗೆ ಅನ್ನಿಸಿತು. ಮೊದಲ ಸಲ ಅವನು ಹತ್ತಿರವಿರಲಿಲ್ಲ. ಈ ಸಲ ಎದುರಿಗೇ ಕೂತು ನೋಡಿದ.

ಮಂಗಳವಾರ ಮಧ್ಯಾಹ್ನ ಅವನು ಒಳ್ಳೆಯ ಜಾಕೆಟ್ಟು ಹಾಕಿಕೊಂಡು, ಎಲ್ಲಿಗೆ ಎಂದು ಹೇಳದೆ ಹೊರಟ. ಬಾಗಿಲು ಸರಿದ ಸದ್ದಿಗೇ ಇಸೊಯೆಯ ಕಾಲು ಎದ್ದು ನಿಂತಿತು. ಆ ಕಾಲಿಗೆ ದಾರಿ ಗೊತ್ತಿತ್ತು: ಮೊದಲು ಐಸ್ ಕಾರ್ಖಾನೆಯ ಪಕ್ಕದ ಸಾಕೆಯಂಗಡಿ, ಅಲ್ಲಿಲ್ಲದಿದ್ದರೆ ಸೇತುವೆಯಾಚೆ ಕೆಂಪು ಲಾಂದ್ರದ್ದು, ಅಲ್ಲೂ ಇಲ್ಲದಿದ್ದರೆ ಬಸ್ ನಿಲ್ದಾಣದ ಹಿಂದೆ. ಒಂದು ಕಾಲದಲ್ಲಿ ಅವಳು ಒಳಗೆ ಕಾಲಿಟ್ಟರೆ ಅಂಗಡಿಯವರೇ, "ತೊರಾ, ನಿನ್ನ ಪೊಲೀಸು ಬಂದ್ಳು," ಎನ್ನುತ್ತಿದ್ದರು. ಕುಡಿದವನು ನಗುತ್ತ ಅವಳ ಹೆಗಲಿಗೆ ಕೈ ಹಾಕಿ ದಾರಿಯುದ್ದಕ್ಕೂ ಹಾಡುತ್ತ ಬರುತ್ತಿದ್ದ ದಿನಗಳೂ ಇದ್ದವು. ನೆನೆದರೆ ಈಗಲೂ ಎದೆಯಲ್ಲಿ ಏನೋ ಬಿಸಿಯಾಗುತ್ತದೆ.

ಚಪ್ಪಲಿ ಮೆಟ್ಟಿದಳು. ಬಾಗಿಲಿಗೆ ಕೈ ಇಟ್ಟಳು. ಹೋಗಿ ಎಳೆದು ತಂದರೆ? ಇವತ್ತು ತರಬಹುದು. ನಾಳೆ? ಸಾರಿಗೆ ಔಷಧಿ ಹಾಕಿದ್ದೂ ಇದೇ ಕೈ, ಅಂಗಡಿಯಿಂದ ಎಳೆದು ತಂದದ್ದೂ ಇದೇ ಕೈ. ಅವಳು ಅಲ್ಲೇ ಹೊಸ್ತಿಲ ಮೆಟ್ಟಿಲ ಮೇಲೆ ಕೂತಳು. ಬಹಳ ಹೊತ್ತು ಕೂತಿದ್ದು, ಚಪ್ಪಲಿ ಬಿಚ್ಚಿ, ಜೋಡಿಸಿಟ್ಟು, ಒಳಗೆ ಬಂದಳು. ಅಷ್ಟು ಕಷ್ಟದ ಕೆಲಸವನ್ನು ಅವಳು ತನ್ನ ಜನ್ಮದಲ್ಲಿ ಮಾಡಿರಲಿಲ್ಲ. ಮೂಲಂಗಿ ಹೆಚ್ಚಿದಳು, ಹೆಚ್ಚಿದ್ದನ್ನೇ ಮತ್ತೆ ಹೆಚ್ಚಿದಳು.

ದೀಪ ಹಚ್ಚುವ ಹೊತ್ತಿಗೆ ಅವನು ಬಂದ. ಗಂಡ ಒಳಗೆ ಬಂದಾಗ ಒಂಚೂರು ಮುಂದಕ್ಕೆ ಬಾಗಿ ಉಸಿರಿನ ವಾಸನೆ ನೋಡುವುದು ಅವಳ ಹಳೆಯ ಚಾಳಿ. ಇಪ್ಪತ್ತೈದು ವರ್ಷದಲ್ಲಿ ಒಂದು ದಿನ ಬಿಟ್ಟಿರಲಿಲ್ಲ. ಅವತ್ತು ಗೋಡೆಯ ಕಡೆ ತಿರುಗಿ ನಿಂತಳು. ಬುಧವಾರ, ಗುರುವಾರ ಹಾಗೇ ಕಳೆದವು. ಅವನು ಕುಡಿದು ಬಂದಿದ್ದನೋ ಇಲ್ಲವೋ ಎಂಬುದು ಗೊತ್ತಿಲ್ಲದೆಯೇ ಅವಳು ಶನಿವಾರದ ತನಕ ಬದುಕಿದಳು.

ಶನಿವಾರ ಸಂಘದ ಮೆಟ್ಟಿಲಲ್ಲಿ ಚಿನಾತ್ಸು ಸಿಕ್ಕಳು. ಈ ಸಲವೂ ಒಬ್ಬಳೇ. "ಎದುರಿಗೇ ಇಟ್ಟೆ ಇಸೊಯೆ-ಸಾನ್," ಎಂದಳು ಮೆಲ್ಲಗೆ. "ಎತ್ತಿ ಗೋಡೆಗೆ ಹೊಡೆದ್ರು. ಆದ್ರೆ ಆಮೇಲೆ ಅವರೇ ಚೂರು ಗುಡಿಸಿದ್ರು." ಅದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಇಬ್ಬರಿಗೂ ತಿಳಿಯಲಿಲ್ಲ. ಇಸೊಯೆ ಅವಳ ಬೆನ್ನು ಸವರಿ ಒಳಗೆ ಕರೆದುಕೊಂಡು ಹೋದಳು.

ಮೊದಲ ಸರದಿ ತೊರಾಕಿಯೇ ಕೇಳಿ ತೆಗೆದುಕೊಂಡ. ಕೈಯಲ್ಲಿ ಹೋದ ವಾರದ ಗೌರವಪತ್ರ ಇತ್ತು. ಅದನ್ನು ಮಿಜೊಬುಚಿಯ ಮುಂದೆ ಇಟ್ಟ.

"ಇದು ಬೇಡ. ತಪ್ಪು ಬರೆದಿದೀರಿ. ಒಂದು ವಾರ ಅಂತ ಬರ್ಕೊಡಿ."

"ಕುಡಿದ್ಯೇನಪ್ಪಾ?" ಮಿಜೊಬುಚಿ ನಿಯಮ ಮರೆತು ಕೇಳಿಯೇ ಬಿಟ್ಟ.

"ಹೇಳ್ತೀನಿ ಇರು, ಬಾಯಿ ಹಾಕೋ ಹಾಗಿಲ್ಲ," ಎಂದು ತೊರಾಕಿ ಗದರಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇಸೊಯೆ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.

"ನಾನು ಕುಸುನೊಸೆ ತೊರಾಕಿ. ಮದ್ಯವ್ಯಸನಿ. ಇವಳ ಮೇಲೆ ಮೂರು ದಿನ ಕೋಪ ಇತ್ತು. ಬರೀ ಮೊಟ್ಟೆ ತಿಂದೆ. ಇವಳು ಅವತ್ತು ಯಾರಿಗೆ ಹೇಳ್ಕೋಬೇಕಿತ್ತು, ನಾನು ಕೇಳೋ ಸ್ಥಿತೀಲಿ ಇದ್ನಾ ಅಂತ ಆಮೇಲೆ ಅನ್ನಿಸ್ತು. ನಿನ್ನೆ ಸಾರು ಕುಡಿದೆ. ಉಪ್ಪು ಜಾಸ್ತಿ ಇತ್ತು.

"ಮಂಗಳವಾರ ಬಸ್ ನಿಲ್ದಾಣದ ಹಿಂದಿನ ಅಂಗಡಿಗೆ ಹೋದೆ. ಹಳೇ ಯಜಮಾನ ಸತ್ತಿದಾನೆ, ಮಗ ಕೂತಿದಾನೆ, ನನ್ನ ಗುರುತು ಸಿಗಲಿಲ್ಲ. ಬಿಸಿ ಮಾಡಿ ತಂದಿಟ್ಟ. ಆ ವಾಸನೆ... ಇಪ್ಪತ್ತೈದು ವರ್ಷ ಆದ್ರೂ ಮೊದಲ ಹೆಂಡತಿ ಥರ ಗುರುತು ಹಿಡೀತು ನನ್ನ. ಬಟ್ಟಲು ತುಂಬಿಸಿದೆ. ಕೈಯಲ್ಲಿ ಹಿಡ್ಕೊಂಡು ಕೂತೆ. ಅಮ್ಮ ಬರ್ತಾಳಾ ಅಂತ ಕಾದೆ. ನಗಬೇಡಿ, ನಿಜವಾಗ್ಲೂ ಕಾದೆ. ಗಂಟಲು ಬಿಗಿಯುತ್ತಾ ನೋಡ್ದೆ. ಇಲ್ಲ. ಗಂಟಲು ತೆರೆದೇ ಇತ್ತು, ಒಣಗಿತ್ತು, ಬಾ ಬಾ ಅಂತಿತ್ತು. ಆಮೇಲೆ ಬಾಗಿಲ ಕಡೆ ನೋಡ್ದೆ. ಇವಳು ಬರ್ತಾಳೆ ಅಂತ. ಯಾವಾಗ್ಲೂ ಬರ್ತಿದ್ಲು. ಬೈತಾಳೆ, ಎಳೀತಾಳೆ, ಹೋಗ್ತೀನಿ ಅಂತ ಕೂತೆ. ಬರಲಿಲ್ಲ. ಸಾಕೆ ಆರಿಹೋಯ್ತು. ಯಾರೂ ಬರಲಿಲ್ಲ."

ಅವನು ಕೆಮ್ಮಲಿಲ್ಲ, ಮೂಗು ಒರೆಸಿಕೊಳ್ಳಲಿಲ್ಲ. ಮುಂದೇನು ಎಂಬುದು ಮೊದಲ ಸಲ ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಬಟ್ಟಲು ಕೆಳಗಿಟ್ಟು ಎದ್ದು ಬಂದೆ," ಎಂದ. "ಅಮ್ಮ ಕ್ಷಮಿಸಿದ್ಲೋ ಇಲ್ವೋ, ಇನ್ನು ಗೊತ್ತಾಗೋ ಹಾಗಿಲ್ಲ. ಅದನ್ನ ಇಟ್ಕೊಂಡೇ ಇರಬೇಕು. ಇಪ್ಪತ್ತೈದು ವರ್ಷ ಅಮ್ಮ ಬಿಡಿಸಿದ್ಲು ಅಂತಿದ್ದೆ. ಈ ವಾರ ನಾನು ಬಿಟ್ಟೆ. ಅದಕ್ಕೇ ಒಂದು ವಾರ ಅಂತ ಬರೀರಿ."

ಕೂತ. ಮುಂದೆ ಇಸೊಯೆಯ ಸರದಿ. ಎದ್ದಾಗ ಅವಳ ಮೊಣಕಾಲು ಕಟಕ್ಕೆಂದಿತು. ತಾನು ಅವತ್ತು ಬಾಗಿಲು ಸರಿಸಿದ್ದರೆ ಏನಾಗುತ್ತಿತ್ತು ಎಂದು ನೆನೆದಳು. "ನಾನು ಇಸೊಯೆ," ಎಂದಳು. "ಮಂಗಳವಾರ ಚಪ್ಪಲಿ ಹಾಕ್ಕೊಂಡೆ. ಬಿಚ್ಚಿಟ್ಟೆ. ಇನ್ನೇನೂ ಇಲ್ಲ ಹೇಳೋಕೆ."

ನಿಯಮದಂತೆ ಯಾರೂ ಏನೂ ಅನ್ನಲಿಲ್ಲ. ತೊರಾಕಿ ಮಾತ್ರ ಕೂತಲ್ಲಿಂದಲೇ ಕತ್ತೆತ್ತಿ ಅವಳನ್ನು ನೋಡಿದ.

"ಕುಡೀದೇ ಬರ್ತೀನಿ ಅಂತ ನಂಬಿಕೆ ಇತ್ತಾ ನಿಂಗೆ?"

"ಇರಲಿಲ್ಲ ರೀ," ಎಂದಳು ಇಸೊಯೆ. "ನಂಬಿಕೆ ಇರಲಿಲ್ಲ. ಆದ್ರೂ ಮನೇಲೇ ಕೂತಿದ್ದೆ."